‘ಗಾಡಿ ಬರುತ್ತೆ’ ಅಂದ್ರೆ ಯಾವ ಗಾಡಿ?

ಮಂಡ್ಯದಲ್ಲಿ ಕಾರು ಕಲಿಸುವ ಕೆಲಸ ನನ್ನದು. ಮೊದಲೆಲ್ಲ ಹೊಸಬರು ಬಂದಾಗ ಒಂದೇ ಮಾತು ಕೇಳುತ್ತಿದ್ದೆ: "ಗಾಡಿ ಬರುತ್ತಾ?" ಬರುತ್ತೆ ಅಂದವರನ್ನು ಸೀದಾ ರಸ್ತೆಗೆ ಕರೆದುಕೊಂಡು ಹೋಗುತ್ತಿದ್ದೆ.

ಹಾಗೆ ಬಂದವರಲ್ಲಿ ಒಬ್ಬರು ರೈತರು. 15 ವರ್ಷ ಟ್ರ್ಯಾಕ್ಟರ್ ಓಡಿಸಿದವರು. ಸ್ಟೇರಿಂಗ್ ಹಿಡಿತ ಚೆನ್ನಾಗಿತ್ತು, ಗೇರು ತಪ್ಪಲಿಲ್ಲ. ನಾಲೆ ಏರಿ ಹತ್ತುವಾಗ ಎದುರಿಗೆ ಕಬ್ಬಿನ ಗಾಡಿ ಬಂತು, ನಿಲ್ಲಿಸಬೇಕಾಯಿತು. ಮತ್ತೆ ಹೊರಡುವಾಗ ಕ್ಲಚ್ ಬಿಟ್ಟರು, ಎಕ್ಸಿಲೇಟರ್ ಮುಟ್ಟಲೇ ಇಲ್ಲ. ಇಂಜಿನ್ ಆಫ್ ಆಯ್ತು. ಗಾಬರಿಯಲ್ಲಿ ಮತ್ತೆ ಕ್ಲಚ್ ಒತ್ತಿದರು, ಕಾರು ಹಿಂದಕ್ಕೆ ಜಾರಿತು. ಹಿಂದೆ ಬೈಕಿನಲ್ಲಿ ಗಂಡ, ಹೆಂಡತಿ, ಮಗು. ನನ್ನ ಕಡೆಯ ಬ್ರೇಕ್ ಒತ್ತಿದೆ, ನಿಂತಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಟ್ರ್ಯಾಕ್ಟರ್‌ನಲ್ಲಿ ಕೈ ಎಕ್ಸಿಲೇಟರ್ ಇರುತ್ತೆ. ಅದನ್ನು ಒಂದು ಮಟ್ಟಕ್ಕೆ ಇಟ್ಟರೆ ಸಾಕು, ಕ್ಲಚ್ ಬಿಟ್ಟ ಹಾಗೆ ಗಾಡಿ ಎಳೆಯುತ್ತೆ. ಅವರ ಕಾಲಿಗೆ ಅಭ್ಯಾಸ ಆಗಿದ್ದು ಅದೇ. ಯಾವ ಗಾಡಿ ಅಂತ ನಾನು ಕೇಳಬೇಕಿತ್ತು. ಮಾರನೇ ದಿನ ಹ್ಯಾಂಡ್ ಬ್ರೇಕ್ ಹಾಕಿಸಿ, ಹಾಫ್ ಕ್ಲಚ್‌ನಲ್ಲಿ (ಅಂದ್ರೆ ಕ್ಲಚ್ ಅರ್ಧ ಮಾತ್ರ ಬಿಟ್ಟು) ಕಾರಿನ ಮೂತಿ ಸ್ವಲ್ಪ ಎದ್ದಮೇಲೆ ಬ್ರೇಕ್ ಬಿಡೋದನ್ನ ಅದೇ ಏರಿನಲ್ಲಿ ಕಲಿಸಿದೆ.

ಈಗ ಮೊದಲ ಹತ್ತು ನಿಮಿಷ ಇಂಜಿನ್ ಆಫ್ ಇರುತ್ತೆ. ಯಾವ ಗಾಡಿ, ಎಲ್ಲಿ, ಕೊನೆಗೆ ಓಡಿಸಿದ್ದು ಯಾವಾಗ ಅಂತ ಕೇಳುತ್ತೇನೆ. "ಈಗ ಹೊರಡಬೇಕು, ಏನೇನು ಮಾಡ್ತೀರಿ ತೋರಿಸಿ" ಅಂದು ಸುಮ್ನೆ ನೋಡುತ್ತೇನೆ. ಸೀಟು ಸರಿ ಮಾಡಿಕೊಂಡರಾ? ಮಿರರ್ ನೋಡಿದರಾ? ನ್ಯೂಟ್ರಲ್ ಇದೆಯಾ ಅಂತ ಗೇರು ಅಲ್ಲಾಡಿಸಿದರಾ? ಕೊನೆಗೆ ತಟ್ಟನೆ "ಬ್ರೇಕ್!" ಅನ್ನುತ್ತೇನೆ. ಆಗ ನನ್ನ ಕಣ್ಣು ಅವರ ಬಲಗಾಲಿನ ಮೇಲೆ. ಗೇರಿಲ್ಲದ ಸ್ಕೂಟರ್ ಓಡಿಸುವವರಿಗೆ ಎಷ್ಟೋ ಸಲ ಕೈ ಬಿಗಿಯಾಗುತ್ತೆ, ಕಾಲು ಅಲ್ಲಾಡಲ್ಲ. ಅವರ ಎರಡೂ ಬ್ರೇಕ್ ಇಷ್ಟು ದಿನ ಕೈಯಲ್ಲೇ ಇತ್ತು ಅಲ್ವಾ.

ಉಲ್ಟಾನೂ ಆಗುತ್ತೆ. ಒಬ್ಬ ಅಕ್ಕ "ನಂಗೇನೂ ಗೊತ್ತಿಲ್ಲಣ್ಣ" ಅಂತಲೇ ಬಂದರು. ದಿನಾ ಸ್ಕೂಟರ್‌ನಲ್ಲಿ ಮಕ್ಕಳನ್ನು ಶಾಲೆಗೆ ಬಿಡೋರು. ಬಸ್ಸು ಯಾವ ಕಡೆ ತಿರುಗುತ್ತೆ, ನಿಂತ ಆಟೊ ಯಾವಾಗ ಹೊರಡುತ್ತೆ, ಎಲ್ಲ ಮೊದಲೇ ಗುರುತಿಸುತ್ತಿದ್ದರು. ಅವರಿಗೆ ಹಾಫ್ ಕ್ಲಚ್ ಮತ್ತು ಕಾರಿನ ಎಡಗಡೆ ಅಂದಾಜು, ಇವೆರಡನ್ನೇ ಮೈದಾನದಲ್ಲಿ ನಾಲ್ಕು ದಿನ ಮಾಡಿಸಿದೆ.

ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಸಿಕ್ಕ 30 ದಿನದ ಮೇಲೆ ಡಿಎಲ್ (ಪಕ್ಕಾ ಲೈಸೆನ್ಸ್) ಟೆಸ್ಟ್ ಕೊಡಬಹುದು ಅಂತ ಜನರಿಗೆ ಅವಸರ ಜಾಸ್ತಿ. "ಕೂರಿಸಿಕೊಂಡು ಯಾಕೆ ಟೈಮ್ ವೇಸ್ಟ್ ಮಾಡ್ತೀರಾ" ಅಂದವರೂ ಇದ್ದಾರೆ. ಎಲ್‌ಎಲ್‌ಗೆ 6 ತಿಂಗಳು ಅವಧಿ ಇದೆ ಅಂತ ಹೇಳುತ್ತೇನೆ. ಹತ್ತು ನಿಮಿಷ ಮುಗಿಯುವ ತನಕ ಕೀ ನನ್ನ ಕೈಯಲ್ಲೇ ಇರುತ್ತೆ.