ಹೆಸರೊಂದೇ, ಪುಡಿ ಬೇರೆ

ಟೆಕ್ಸಸ್‌ನ ಸ್ಯಾನ್ ಆಂಟೋನಿಯೊಗೆ ಬಂದು ನೆಲೆಸಿದ ಎರಡನೆಯ ವರ್ಷ, ಮಗಳ ಹುಟ್ಟುಹಬ್ಬಕ್ಕೆ ಅವಳ ತರಗತಿಯ ಐದು ಮಕ್ಕಳನ್ನು ಊಟಕ್ಕೆ ಕರೆದಿದ್ದೆವು. ಈ ಊರಿನ ಮಕ್ಕಳಿಗೆ ಟ್ಯಾಕೊ, ಅಂದರೆ ಮಾಂಸದ್ದೋ ಬೀನ್ಸಿನದೋ ಹೂರಣ ತುಂಬಿ ಮಡಿಚಿದ ತೆಳು ರೊಟ್ಟಿ, ನಮ್ಮ ಮಕ್ಕಳಿಗೆ ದೋಸೆ ಇದ್ದ ಹಾಗೆ, ಯಾರೂ ಬೇಡವೆನ್ನುವುದಿಲ್ಲ. ನಮ್ಮದು ಸಸ್ಯಾಹಾರಿ ಮನೆಯಾದ್ದರಿಂದ ಕಪ್ಪು ಬೀನ್ಸನ್ನೂ ಸೋಯಾ ಹರಳನ್ನೂ ಬೇಯಿಸಿಟ್ಟು, ಟೊಮೆಟೊ, ಲೆಟ್ಯೂಸ್, ಚೀಸ್ ಎಲ್ಲವನ್ನೂ ಹೆಚ್ಚಿ ತುರಿದು ಜೋಡಿಸಿದ ಮೇಲೆ, ಅಂಗಡಿಯಿಂದ ಟ್ಯಾಕೊ ಮಸಾಲೆಯ ಪೊಟ್ಟಣವನ್ನೇ ತಂದಿಲ್ಲವೆಂಬುದು ಗೊತ್ತಾಯಿತು. ಮಕ್ಕಳು ಬರಲು ಅರ್ಧ ಗಂಟೆಯಿತ್ತು. ಫೋನಿನಲ್ಲಿ ಹುಡುಕಿದಾಗ ಒಂದು ಅಳತೆ ಸಿಕ್ಕಿತು: ಒಂದು ಪೌಂಡ್ ಹೂರಣಕ್ಕೆ ಒಂದು ದೊಡ್ಡ ಚಮಚ ಚಿಲಿ ಪೌಡರ್, ಒಂದೂವರೆ ಸಣ್ಣ ಚಮಚ ಜೀರಿಗೆ ಪುಡಿ, ಉಳಿದದ್ದೆಲ್ಲ ಚಿಟಿಕೆ ಚಿಟಿಕೆ. ನನ್ನ ಹೂರಣ ಎರಡು ಪೌಂಡ್ ಇತ್ತು. ಚಿಲಿ ಪೌಡರ್ ಎಂದರೆ ಖಾರದ ಪುಡಿ, ಇದರಲ್ಲಿ ಯೋಚಿಸುವುದೇನಿದೆ ಎಂದುಕೊಂಡು, ಡಬ್ಬಿಯಲ್ಲಿದ್ದ ಗುಂಟೂರಿನ ಖಾರದ ಪುಡಿಯನ್ನು ಎರಡು ದೊಡ್ಡ ಚಮಚ ತುಂಬ ಹಾಕಿಬಿಟ್ಟೆ.

ಮೊದಲ ತುತ್ತಿಗೇ ಒಬ್ಬ ಹುಡುಗ ಅತ್ತ. ಎರಡನೆಯವಳು ಅಳಲಿಲ್ಲ, ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತ ಕುಳಿತಳು, ಅದು ಇನ್ನೂ ಕಷ್ಟವಾಗಿತ್ತು. ಮನೆಯಲ್ಲಿದ್ದ ಒಂದು ಗ್ಯಾಲನ್ ಹಾಲು ಹತ್ತು ನಿಮಿಷದಲ್ಲಿ ಖಾಲಿಯಾಯಿತು, ಆ ಸಂಜೆ ಮಕ್ಕಳು ಕೇಕನ್ನೂ ಬರಿಯ ಚೀಸನ್ನೂ ತಿಂದು ಹೋದರು. ಖಾರಕ್ಕೇನೂ ಹೆದರದ ನನ್ನ ಮಗಳು ಮಾತ್ರ ಎರಡು ಟ್ಯಾಕೊ ತಿಂದು, ಮೂಗು ಒರೆಸಿಕೊಳ್ಳುತ್ತ, "ಇದು ಟ್ಯಾಕೊ ಅಲ್ಲ, ಪಲ್ಯ" ಎಂದಳು.

ತಪ್ಪು ಎಲ್ಲಾಗಿದೆ ಎಂದು ತಿಳಿಯಲು ಮರುದಿನ ದಿನಸಿ ಅಂಗಡಿಯ ಮಸಾಲೆಯ ಸಾಲಿನಲ್ಲಿ ನಿಂತು ಒಂದು ಶೀಶೆಯ ಬೆನ್ನನ್ನು ಓದಬೇಕಾಯಿತು. ಅಮೆರಿಕದಲ್ಲಿ ಚಿಲಿ ಪೌಡರ್ ಎಂಬ ಹೆಸರಿನಲ್ಲಿ ಮಾರುವುದು ಬರಿಯ ಮೆಣಸಿನಕಾಯಿಯ ಪುಡಿಯಲ್ಲ. ಸೌಮ್ಯವಾದ ಮೆಣಸಿನಕಾಯಿಗೆ ಜೀರಿಗೆ, ಒರೆಗಾನೊ, ಬೆಳ್ಳುಳ್ಳಿ, ಕೆಲವೊಮ್ಮೆ ಉಪ್ಪನ್ನೂ ಸೇರಿಸಿ ಮಾಡಿದ, ಚಿಲಿ ಎಂಬ ಮಾಂಸದ ಗೊಜ್ಜಿಗೆಂದೇ ಹುಟ್ಟಿದ ಮಿಶ್ರಣ ಅದು. ನಮ್ಮಲ್ಲಿ ಸಾರಿನ ಪುಡಿ ಎಂದರೆ ಅದರಲ್ಲಿ ಸಾರು ಇಲ್ಲವಲ್ಲ, ಹಾಗೆಯೇ ಇದೂ. ಅದರ ಇತಿಹಾಸ ನಮ್ಮ ಮನೆಯಿಂದ ದೂರದ್ದೇನೂ ಅಲ್ಲ: ಸ್ಯಾನ್ ಆಂಟೋನಿಯೊದಿಂದ ಐವತ್ತು ಕಿಲೋಮೀಟರ್ ಆಚೆ, ಜರ್ಮನಿಯಿಂದ ವಲಸೆ ಬಂದವರು ಕಟ್ಟಿದ ನ್ಯೂ ಬ್ರೌನ್‌ಫೆಲ್ಸ್ ಎಂಬ ಊರಿನಲ್ಲಿ ವಿಲಿಯಂ ಗೆಬ್‌ಹಾರ್ಟ್ ಎಂಬಾತ 1890ರ ದಶಕದಲ್ಲಿ ಮೆಕ್ಸಿಕೊದ ಆಂಚೊ ಮೆಣಸಿನಕಾಯಿಯನ್ನು ತರಿಸಿ ಒಣಗಿಸಿ ಪುಡಿಮಾಡಿ ಮಾರಲು ತೊಡಗಿದ, ಆಮೇಲೆ ಸ್ಯಾನ್ ಆಂಟೋನಿಯೊದಲ್ಲಿ ಕಾರ್ಖಾನೆಯನ್ನೇ ಹಾಕಿದ. ಮೆಕ್ಸಿಕೊದ ಕಾಯಿ, ಜರ್ಮನ್ ಕೈ, ಟೆಕ್ಸಸ್‌ನ ಗೊಜ್ಜು. ಇವುಗಳ ನಡುವೆ ನಾನು ಗುಂಟೂರನ್ನು ತಂದು ಸುರಿದಿದ್ದೆ. ಆಂಚೊ ಕಾಯಿಯ ಖಾರ ಸ್ಕೋವಿಲ್ ಅಳತೆಯಲ್ಲಿ ಒಂದೆರಡು ಸಾವಿರ; ಗುಂಟೂರಿನದು ಮೂವತ್ತು ಸಾವಿರವನ್ನು ದಾಟುತ್ತದೆ.

ಸುಮ್ಮನೆ ಪೊಟ್ಟಣಕ್ಕೆ ಮರಳಬಹುದಿತ್ತು. ಆದರೆ ಅದೇ ಸಾಲಿನಲ್ಲಿ ಅದರ ಬೆನ್ನನ್ನೂ ಓದಿದ್ದೆ. ಈ ದೇಶದಲ್ಲಿ ತೂಕದಲ್ಲಿ ಹೆಚ್ಚಿರುವುದನ್ನು ಮೊದಲು ಬರೆಯುವುದು ನಿಯಮ, ಮತ್ತು ನನ್ನ ಕೈಯಲ್ಲಿದ್ದ 28 ಗ್ರಾಮಿನ ಪೊಟ್ಟಣದಲ್ಲಿ ಮಸಾಲೆಗಳಿಗಿಂತ ಮುಂಚೆ ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಪಿಷ್ಟದ ಪುಡಿ, ಉಪ್ಪು ಕುಳಿತಿದ್ದವು. ಮಸಾಲೆಯ ಕಾಸು ಕೊಟ್ಟು ಉಪ್ಪು ಕೊಳ್ಳುವುದು ಹಾವೇರಿಯಲ್ಲಿ ಹುಟ್ಟಿದವಳಿಗೆ ಅವಮಾನದ ಸಂಗತಿ. ಬ್ಯಾಡಗಿ ನಮ್ಮ ಪಕ್ಕದ ತಾಲ್ಲೂಕು. ಸುಗ್ಗಿಯ ದಿನಗಳಲ್ಲಿ ಅಲ್ಲಿಯ ಮಾರುಕಟ್ಟೆಯ ಬೀದಿಗೆ ಬಸ್ಸು ತಿರುಗಿದರೆ ಪ್ರಯಾಣಿಕರೆಲ್ಲ ಒಟ್ಟಿಗೆ ಸೀನುವ ಸೀಮೆಯಿಂದ ಬಂದವಳು ನಾನು, ಮೆಣಸಿನಕಾಯಿಯ ಲೆಕ್ಕದಲ್ಲಿ ಸೋಲಬಾರದಿತ್ತು.

ನವೆಂಬರಿನ ಒಂದು ಶನಿವಾರ ಬೆಳಿಗ್ಗೆ ಎಂಟಕ್ಕೆ, ಅಲ್ಲಿ ಸಂಜೆ ಏಳೂವರೆ, ಅವ್ವನಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ.

"ಗುಂಟೂರು ಕಾಯಿನ? ಅಷ್ಟೂ ಅದನ್ನ ಹಾಕಿದೇನ? ಸಣ್ಣ ಹುಡುಗರಿಗೆ?" ಎಂದು ಕೇಳಿ ಅವ್ವ ಸ್ವಲ್ಪ ಹೊತ್ತು ಸುಮ್ಮನಾದಳು. ಆಮೇಲೆ, "ಬಣ್ಣಕ್ಕ ಬ್ಯಾಡಗಿ, ಖಾರಕ್ಕ ಗುಂಟೂರು. ಎರಡೂ ಕೆಲಸ ಒಂದ ಕಾಯಿ ಮಾಡಂಗಿಲ್ಲ ಅಂತ ಎಷ್ಟ ಸಲ ಹೇಳೀನಿ ನಿನಗ. ಅಲ್ಲೀ ಮಂದಿ ಬಣ್ಣದ ಕಾಯಿ ಯಾವುದು, ಅದನ್ನ ಮೊದಲ ಹುಡುಕು" ಎಂದಳು.

ಟ್ಯಾಕೊವನ್ನು ಒಮ್ಮೆಯೂ ಕಾಣದ ಅವ್ವ ಹೇಳಿದ್ದೇ ಸರಿಯಾದ ದಾರಿಯಾಗಿತ್ತು. ಇಲ್ಲಿಯ ಮಂದಿಯ ಬಣ್ಣದ ಕಾಯಿ ಆಂಚೊ. ಪೊಬ್ಲಾನೊ ಎಂಬ ದಪ್ಪ ಹಸಿರು ಮೆಣಸಿನಕಾಯಿ ಗಿಡದಲ್ಲೇ ಕೆಂಪಾಗಿ ಹಣ್ಣಾದ ಮೇಲೆ ಒಣಗಿಸಿದರೆ ಆಂಚೊ. ಸ್ಪ್ಯಾನಿಷ್ ಭಾಷೆಯಲ್ಲಿ ಆ ಮಾತಿಗೆ ಅಗಲ ಎಂದರ್ಥ. ಅಂಗಡಿಯ ಮರದ ಪೆಟ್ಟಿಗೆಯಿಂದ ತೂಗಿ ತಂದ ಆ ಕಾಯಿಗಳನ್ನು ಅಡುಗೆಮನೆಯ ಕಟ್ಟೆಯ ಮೇಲೆ ಹರಡಿ, ಪಕ್ಕದಲ್ಲಿ ಅವ್ವ ಹಿಂದಿನ ವರ್ಷ ಬಂದಾಗ ತಂದುಕೊಟ್ಟಿದ್ದ ಬ್ಯಾಡಗಿ ಕಡ್ಡಿಯನ್ನು ಇಟ್ಟು ನೋಡಿದೆ. ಬ್ಯಾಡಗಿಯದು ಬೆರಳುದ್ದದ, ಮೈತುಂಬ ನೆರಿಗೆಯ, ಒಡೆದರೆ ಸದ್ದಾಗುವ ಕಾಯಿ. ಆಂಚೊ ಅಂಗೈಯಷ್ಟು ಅಗಲ, ಕಪ್ಪಿಗೆ ತಿರುಗಿದ ಕೆಂಪು, ಚಪ್ಪಲಿಯ ಮೆತ್ತನೆಯ ತೊಗಲಿನ ಹಾಗೆ ಬಾಗುತ್ತದೆಯೇ ಹೊರತು ಮುರಿಯುವುದಿಲ್ಲ. ಸೀಳಿ ಮೂಗಿಗೆ ಹಿಡಿದರೆ ಮೆಣಸಿನಕಾಯಿಯ ಘಾಟಿಲ್ಲ, ಒಣದ್ರಾಕ್ಷಿಯ ವಾಸನೆ.

ಮೊದಲ ಸಲ ಮಾಡಿದ್ದು ಕೆಟ್ಟಿತು. ಊರಿನ ಅಭ್ಯಾಸದಂತೆ ಕಾಯಿಗಳನ್ನು ಕಬ್ಬಿಣದ ಬಾಣಲೆಯಲ್ಲಿ ಹಾಕಿ ಹುರಿದೆ. ಬ್ಯಾಡಗಿ ಗರಿಗರಿಯಾಗುವಷ್ಟರಲ್ಲಿ ಆಂಚೊ ಒಳಗೆ ಮೆತ್ತಗೇ ಇತ್ತು. ಅದು ಒಣಗಲೆಂದು ಬೆಂಕಿ ಹೆಚ್ಚಿಸಿದರೆ ಹೊರಗೆ ಕರಿಯಾಯಿತು, ಅಡುಗೆಮನೆಯಲ್ಲಿ ಘಾಟೆದ್ದು ಎಲ್ಲರಿಗೂ ಕೆಮ್ಮು ಹತ್ತಿತು, ಹೊಗೆಯ ಗಂಟೆ ಮನೆಯಿಡೀ ಕಿರುಚಲಾರಂಭಿಸಿತು. ನಮ್ಮವರು ಕುರ್ಚಿಯ ಮೇಲೆ ನಿಂತು ಟವೆಲಿನಿಂದ ಅದಕ್ಕೆ ಗಾಳಿ ಬೀಸುತ್ತಿರುವಾಗ ನಾನು ಕಿಟಕಿಗಳನ್ನೆಲ್ಲ ತೆರೆದೆ. ಆ ಪುಡಿ ಕಹಿಯಾಗಿತ್ತು. ಮೆಣಸಿನಕಾಯಿ ಒಮ್ಮೆ ಸೀದರೆ ಆ ಕಹಿಯನ್ನು ಬೆಲ್ಲವೂ ಮುಚ್ಚಲಾರದು ಎಂದು ಗೊತ್ತಿದ್ದೂ ಒಂದು ಚಮಚ ಸಕ್ಕರೆ ಬೆರೆಸಿ ನೋಡಿ, ಆಮೇಲೆ ಎಲ್ಲವನ್ನೂ ಚೆಲ್ಲಿದೆ.

ಎರಡನೆಯ ಸಲ ತಾಳ್ಮೆಯಿಂದ ಮಾಡಿದೆ. ಆಂಚೊದ ತೊಟ್ಟು, ಬೀಜ, ಒಳಗಿನ ಬಿಳಿಯ ನಾರು ತೆಗೆದು, ತುಂಡುಮಾಡಿ, ಓವನ್ನಿನಲ್ಲಿ 250 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಹತ್ತು ನಿಮಿಷ ಇಟ್ಟು ತೆಗೆದರೆ ಬಿಸಿಯಲ್ಲಿ ಇನ್ನೂ ಮೆತ್ತಗಿರುತ್ತದೆ, ಆರಿದ ಮೇಲೆ ಹಪ್ಪಳದಂತೆ ಮುರಿಯುತ್ತದೆ. ಮುರಿಯದಿದ್ದರೆ ಇನ್ನೈದು ನಿಮಿಷ. ಇದನ್ನು ಮಿಕ್ಸಿಯಲ್ಲಿ ಬೀಸಿದ ಮೇಲೆ ಮುಚ್ಚಳ ತೆರೆಯುವ ಮೊದಲು ಪುಡಿ ಕೂರುವವರೆಗೆ ಕಾಯಬೇಕೆಂಬುದನ್ನು ಹಾವೇರಿಯವರಿಗೆ ಹೇಳಿಕೊಡಬೇಕಿಲ್ಲ.

ಜೀರಿಗೆಯನ್ನು ಮಾತ್ರ ಬಾಣಲೆಯಲ್ಲೇ ಹುರಿದೆ, ಸಣ್ಣ ಉರಿಯಲ್ಲಿ, ಬಣ್ಣ ಒಂದೇ ಒಂದು ಛಾಯೆ ಗಾಢವಾಗುವವರೆಗೆ. ಆ ಹೊತ್ತಿಗೆ ಮಗಳು ಮಹಡಿಯಿಂದ ಇಳಿದು ಬಂದು "ಇವತ್ತು ಟ್ಯಾಕೊನಾ?" ಎಂದು ಕೇಳಿದಳು. ನನಗೆ ಜೀರಿಗೆಯ ವಾಸನೆ ಎಂದರೆ ಅವ್ವನ ಸಾರು; ಇಲ್ಲಿ ಬೆಳೆಯುತ್ತಿರುವ ಮಗುವಿಗೆ ಅದೇ ವಾಸನೆ ಟ್ಯಾಕೊ. ಮೆಕ್ಸಿಕೊದ ಅಡುಗೆಯಲ್ಲಿ ಜೀರಿಗೆ ಇಷ್ಟು ಎದ್ದು ಕಾಣುವುದಿಲ್ಲ, ಅದನ್ನು ಹೀಗೆ ಮುಂದಕ್ಕೆ ತಂದು ಕೂರಿಸಿದ್ದು ಟೆಕ್ಸಸ್. ಸ್ಪೇನಿನ ಆಳ್ವಿಕೆಯಲ್ಲಿದ್ದ ಕೆನರಿ ದ್ವೀಪಗಳಿಂದ 1731ರಲ್ಲಿ ಬಂದು ಈ ಊರಿನಲ್ಲಿ ನೆಲೆಸಿದ ಕುಟುಂಬಗಳು ಜೀರಿಗೆಯ ರುಚಿಯನ್ನು ತಮ್ಮೊಂದಿಗೆ ತಂದವು ಎಂದು ಇಲ್ಲಿಯವರು ಹೇಳುತ್ತಾರೆ. ನಾವು ಕೊಟ್ಟು ತೆಗೆದುಕೊಂಡ ಲೆಕ್ಕವೂ ವಿಚಿತ್ರವೇ: ಬ್ಯಾಡಗಿಯ ಮೂಲಪುರುಷ ಹುಟ್ಟಿದ್ದು ಈ ಖಂಡದಲ್ಲಿ, ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕಡೆಗೆ ಬಂದದ್ದು, 2011ರಲ್ಲಿ ಭೌಗೋಳಿಕ ಸೂಚಿಯ ಮುದ್ರೆ ಒತ್ತಿಸಿಕೊಂಡು ಪೂರಾ ನಮ್ಮದಾದದ್ದು, ಈಗ ಅವ್ವನ ಚೀಲದಲ್ಲಿ ಕುಳಿತು ಮತ್ತೆ ಇಲ್ಲಿಗೇ ಬಂದದ್ದು.

ಒರೆಗಾನೊದಲ್ಲೂ ಎರಡು ಜಾತಿ ಎಂದು ಅಂದೇ ತಿಳಿದದ್ದು. ಪಿಜ್ಜಾದ ಮೇಲೆ ಉದುರಿಸುವುದು ತುಳಸಿ, ಪುದೀನ, ದೊಡ್ಡಪತ್ರೆಗಳ ಕುಲದ್ದು. ಮೆಕ್ಸಿಕೊದ ಒರೆಗಾನೊ ಆ ಕುಲದ್ದೇ ಅಲ್ಲ, ಅದು ಲಂಟಾನದ ದಾಯಾದಿ. ಒಣ ಎಲೆಯನ್ನು ಅಂಗೈಯಲ್ಲಿ ತಿಕ್ಕಿದಾಗ ಬಂದ ವಾಸನೆಯಲ್ಲಿ, ಹೊಲದ ಬದುವಿನ ಲಂಟಾನವನ್ನು ಸವರಿಕೊಂಡು ಹೋದಾಗ ಲಂಗಕ್ಕೆ ಅಂಟುತ್ತಿದ್ದ ವಾಸನೆಯ ಎಳೆಯೊಂದು ಖಂಡಿತ ಇತ್ತು. ನಮ್ಮವರು ಇದನ್ನು ಒಪ್ಪುವುದಿಲ್ಲ.

ಕೊನೆಗೆ ನಿಂತ ಅಳತೆ ಇದು: ಆಂಚೊ ಪುಡಿ ನಾಲ್ಕು ದೊಡ್ಡ ಚಮಚ, ಜೀರಿಗೆ ಪುಡಿ ಎರಡು, ಬ್ಯಾಡಗಿ ಪುಡಿ ಒಂದು. ಇನ್ನು ಸಣ್ಣ ಚಮಚದಲ್ಲಿ ಒರೆಗಾನೊ ಎರಡು, ಉಪ್ಪು ಎರಡು, ಬೆಳ್ಳುಳ್ಳಿ ಪುಡಿ, ಈರುಳ್ಳಿ ಪುಡಿ, ಕಾಳುಮೆಣಸು ಒಂದೊಂದು, ಗುಂಟೂರಿನದು ಅರ್ಧ. ಒಂದು ಪೌಂಡ್ ಹೂರಣಕ್ಕೆ ಎರಡು ದೊಡ್ಡ ಚಮಚ ಸಾಕಾದ್ದರಿಂದ ಇದು ನಾಲ್ಕೈದು ಸಲಕ್ಕೆ ಬರುತ್ತದೆ. ಪುಡಿಯನ್ನು ಎಣ್ಣೆಯಲ್ಲಿ ಅರ್ಧ ನಿಮಿಷ ಬಾಡಿಸಿಯೇ ಬೀನ್ಸಿಗೆ ಹಾಕಬೇಕು. ಕಾಯಿಯ ಬಣ್ಣವೂ ಖಾರವೂ ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತವೆ. ಇಷ್ಟೆಲ್ಲ ಸರಿಯಾದ ಮೇಲೂ ಹೂರಣ ನೀರು ನೀರಾಗಿ ಟ್ಯಾಕೊದ ಬುಡದಿಂದ ತೊಟ್ಟಿಕ್ಕಿತು. ನಾನು ಬೈದಿದ್ದ ಪೊಟ್ಟಣದಲ್ಲಿ ಪಿಷ್ಟವನ್ನು ತೂಕ ಹೆಚ್ಚಿಸಲಷ್ಟೇ ಸೇರಿಸಿರಲಿಲ್ಲ, ಅದು ರಸವನ್ನು ಗಟ್ಟಿಮಾಡಿ ಹೂರಣಕ್ಕೆ ಅಂಟಿಸುತ್ತಿತ್ತು ಎಂದು ಆಗ ಹೊಳೆಯಿತು. ಈಗ ಅಡುಗೆಯ ಕೊನೆಯಲ್ಲಿ ಅರ್ಧ ಚಮಚ ಗೋವಿನಜೋಳದ ಪಿಷ್ಟವನ್ನು ನೀರಿನಲ್ಲಿ ಕದಡಿ ಹಾಕುತ್ತೇನೆ. ಡಬ್ಬಿಯ ಪುಡಿಗೆ ಮಾತ್ರ ಅದನ್ನು ಬೆರೆಸುವುದಿಲ್ಲ, ಅಷ್ಟು ಹಟ ಉಳಿದಿದೆ.

ಆ ಸಂಜೆ ಒಂದು ಸಣ್ಣ ಶೀಶೆಯಲ್ಲಿ ಪುಡಿ ತುಂಬಿಕೊಂಡು ಪಕ್ಕದ ಮನೆಯ ಅಜ್ಜಿಯ ಬಳಿಗೆ ಹೋದೆ. ಎಪ್ಪತ್ತು ದಾಟಿದ, ಈ ಊರಲ್ಲೇ ಹುಟ್ಟಿ ಬೆಳೆದ ಮೆಕ್ಸಿಕನ್ ಮೂಲದ ಆಕೆ ನನ್ನನ್ನು "ಮಿಹಾ", ಎಂದರೆ ಮಗಳೇ, ಎಂದು ಕರೆಯುತ್ತಾರೆ. ಶೀಶೆಯನ್ನು ಮೂಸಿ, ಬೆರಳಿಗೆ ಹಚ್ಚಿ ನೆಕ್ಕಿ, "ಚೆನ್ನಾಗಿದೆ ಮಿಹಾ, ಆದರೆ ನಮ್ಮ ಮನೆಯಲ್ಲಿ ಟ್ಯಾಕೊಗೆ ಪುಡಿಯನ್ನೇ ಹಾಕುವುದಿಲ್ಲ" ಎಂದರು. ನನ್ನ ಮುಖ ಬಾಡಿದ್ದನ್ನು ಕಂಡು ಒಳಗೆ ಕರೆದುಕೊಂಡು ಹೋಗಿ ತಮ್ಮ ತಾಯಿಯದಾಗಿದ್ದ ಒರಳನ್ನು ತೋರಿಸಿದರು. ಮೊಲ್ಕಾಹೆತೆ: ಮೂರು ಗಿಡ್ಡ ಕಾಲಿನ, ಮೈತುಂಬ ತೂತಿನ ಕಪ್ಪು ಜ್ವಾಲಾಮುಖಿ ಕಲ್ಲು, ಮುಷ್ಟಿಯಲ್ಲಿ ಹಿಡಿಯುವಂಥ ಗುಂಡು. ಅದರಲ್ಲಿ ಇಡೀ ಜೀರಿಗೆ, ನಾಲ್ಕು ಕಾಳುಮೆಣಸು, ಮೂರು ಎಸಳು ಬೆಳ್ಳುಳ್ಳಿ ಅರೆದು, ಒಂದಿಷ್ಟು ನೀರು ಹಾಕಿ ಬಳಿದುಕೊಂಡು ನೇರ ಬಾಣಲೆಗೆ ಹಾಕುವುದು. ಅಷ್ಟೇ ಮಸಾಲೆ. ಹೊಸ ಕಲ್ಲಿನಲ್ಲಿ ಮೊದಲು ಅಕ್ಕಿ ಅರೆದು ಚೆಲ್ಲಬೇಕು ಎಂದೂ ಹೇಳಿದರು. ಇಲ್ಲದಿದ್ದರೆ ಹಲ್ಲಿಗೆ ಹರಳು ಸಿಗುತ್ತದೆ. ಗುಂಡನ್ನು ನನ್ನ ಕೈಗೆ ಕೊಟ್ಟರು. ನಾನು ಕುಟ್ಟದೆ ಒಳಕಲ್ಲಿನಲ್ಲಿ ತಿರುವುವ ಹಾಗೆ ಅಂಚಿಗೆ ಒತ್ತಿ ತಿರುವಿದಾಗ ಆಕೆ, "ಇದನ್ನು ನಿನಗೆ ಯಾರು ಕಲಿಸಿದರು?" ಎಂದು ಕೇಳಿದರು.

ಜನವರಿಯಲ್ಲಿ ಅದೇ ಮಕ್ಕಳನ್ನು ಮತ್ತೆ ಕರೆದೆವು. ಅಂದು ಅತ್ತಿದ್ದ ಹುಡುಗ ಮೊದಲು ಒಂದೇ ಒಂದು ಬೀನ್ಸನ್ನು ತೆಗೆದು ನಾಲಿಗೆಯ ತುದಿಗೆ ಮುಟ್ಟಿಸಿ, ನನ್ನ ಮುಖ ನೋಡಿ, ಆಮೇಲೆ ಮೂರು ಟ್ಯಾಕೊ ತಿಂದ. ಕರೆದೊಯ್ಯಲು ಬಂದ ಅವನ ತಾಯಿ ಅಳತೆಯನ್ನು ಬರೆದುಕೊಡಿ ಎಂದರು. ಚೀಟಿಯ ಮೊದಲ ಸಾಲಿನಲ್ಲಿ ಅಭ್ಯಾಸಬಲದಿಂದ "ಚಿಲಿ ಪೌಡರ್, ನಾಲ್ಕು ಚಮಚ" ಎಂದು ಬರೆದವಳು ಅದನ್ನು ಹೊಡೆದುಹಾಕಿ, "ಆಂಚೊ, ಬರಿಯ ಕಾಯಿಯ ಪುಡಿ, ಬೇರೇನೂ ಬೆರೆಸದ್ದು" ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದು ಕೊಟ್ಟೆ.