ಮನೆಗೆ ಬಂದವರು ಮತ್ತೆ ವಾರ್ಡಿಗೆ ಹೋಗಬೇಕಾದಾಗ

ನನ್ನ ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲೆ ಪರಿಚಯದವರು, ಅವರ ಪರಿಚಯದವರು ಫೋನ್ ಮಾಡಿ ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ. "ಕಾಯಿಲೆ ಗೊತ್ತಾದಾಗ ಹೇಗೋ ಧೈರ್ಯ ತಂದುಕೊಂಡ್ವಿ. ಕೀಮೋ ಹಾಕಿಸಿಕೊಂಡು ಮನೆಗೂ ಬಂದ್ವಿ. ಈಗ ಜ್ವರ ಅಂತ ಮತ್ತೆ ಅಡ್ಮಿಟ್ ಮಾಡಿದ್ದಾರೆ, ಮುಂದಿನ ಕೀಮೋನೂ ಮುಂದಕ್ಕೆ ಹಾಕಿದ್ದಾರೆ. ನೀವು ಇದನ್ನೆಲ್ಲ ಹೇಗೆ ತಡ್ಕೊಂಡ್ರಿ ಅಕ್ಕ?"

ನನಗಿದ್ದದ್ದು ಲಿಂಫೋಮಾ, ಕುತ್ತಿಗೆ, ಕಂಕುಳಂಥ ಕಡೆ ಇರುವ ದುಗ್ಧರಸ ಗ್ರಂಥಿಗಳಲ್ಲಿ (ಲಿಂಫ್ ನೋಡ್) ಶುರುವಾಗುವ ಕ್ಯಾನ್ಸರ್. ಹಾಸನದಿಂದ ಬೆಂಗಳೂರಿಗೆ ಓಡಾಡಿಕೊಂಡು ಚಿಕಿತ್ಸೆ ಪಡೆದೆ. 21 ದಿನಕ್ಕೊಂದರಂತೆ ಆರು ಕೀಮೋ ಎಂದು ಮೊದಲೇ ಹೇಳಿದ್ದರು. ನಮ್ಮ ಮನೆಯವರು ಕ್ಯಾಲೆಂಡರಿನಲ್ಲಿ ಆರೂ ತಾರೀಖಿಗೆ ಕೆಂಪು ಸುತ್ತು ಹಾಕಿಟ್ಟರು. ಹೆಚ್ಚಿನವು ಆ ತಾರೀಖಿಗೆ ನಡೆಯಲಿಲ್ಲ.

ಫೋನಿನಲ್ಲಿ ನಾನು ಮೊದಲು ಹೇಳುವುದು ಇಷ್ಟು: ಜ್ವರಕ್ಕೆ ಅಡ್ಮಿಟ್ ಆದದ್ದನ್ನು ಸೋಲು ಅಂದುಕೊಳ್ಳಬೇಡಿ. ಬಹಳಷ್ಟು ಸಲ ಅದು ಕಾಯಿಲೆ ಉಲ್ಬಣಿಸಿದ್ದಲ್ಲ, ಔಷಧಿಯ ಇನ್ನೊಂದು ಪರಿಣಾಮ. ಕಳೆಗೆ ಹೊಡೆದ ಔಷಧಿ ಬೆಳೆಗೂ ಸ್ವಲ್ಪ ತಾಗುತ್ತದಲ್ಲ, ಹಾಗೆ. ವೇಗವಾಗಿ ಹುಟ್ಟುವ ಕೋಶಗಳಿಗೆಲ್ಲ ಕೀಮೋ ಏಟು ಕೊಡುತ್ತದೆ; ಅದಕ್ಕೇ ಕೂದಲು ಉದುರುತ್ತದೆ, ಬಾಯಿ ಹುಣ್ಣಾಗುತ್ತದೆ, ಮೂಳೆಮಜ್ಜೆಯಲ್ಲಿ ಬಿಳಿ ರಕ್ತಕಣಗಳ ಉತ್ಪತ್ತಿ ಕುಗ್ಗುತ್ತದೆ. ಸಾಮಾನ್ಯವಾಗಿ ಕೀಮೋ ಆದ 7ರಿಂದ 14 ದಿನಗಳ ನಡುವೆ ಕೌಂಟ್, ಅಂದರೆ ಈ ಕಣಗಳ ಸಂಖ್ಯೆ, ತೀರ ಕೆಳಗಿಳಿಯುತ್ತದೆ. ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು ಒಂದು ಮೈಕ್ರೋಲೀಟರ್ ರಕ್ತದಲ್ಲಿ 500ಕ್ಕಿಂತ ಕಡಿಮೆಯಾದರೆ, ನಮ್ಮದೇ ಬಾಯಲ್ಲಿ, ಕರುಳಲ್ಲಿ ತೆಪ್ಪಗಿದ್ದ ಬ್ಯಾಕ್ಟೀರಿಯಾಗಳೂ ಎದ್ದು ಕೂರುತ್ತವೆ.

ಆಗ ಕೀವಿಲ್ಲ, ಊತವಿಲ್ಲ. ಬರುವ ಒಂದೇ ಸೂಚನೆ ಜ್ವರ ಆಗಿರಬಹುದು. ಆದ್ದರಿಂದ ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿದರೆ ರಾತ್ರಿ ಎರಡು ಗಂಟೆಯಾಗಿದ್ದರೂ ಹೊರಡಿ, ಬೆಳಗಾಗಲಿ ಎಂದು ಕಾಯಬೇಡಿ. ಡಾಕ್ಟರನ್ನು ಕೇಳದೆ ಪ್ಯಾರಸಿಟಮಾಲ್ ನುಂಗಿದರೆ ಜ್ವರ ಮುಚ್ಚಿಹೋಗುತ್ತದೆ, ಸೋಂಕು ಒಳಗೇ ಬೆಳೆಯುತ್ತದೆ. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಡ್ರಿಪ್ ಶುರುವಾಗಬೇಕು. ದೂರದೂರಿನವರು ಹತ್ತಿರದ ಯಾವ ಆಸ್ಪತ್ರೆಗೆ ಮೊದಲು ಹೋಗಬೇಕು ಎಂದು ಆಂಕಾಲಜಿಸ್ಟರನ್ನು, ಅಂದರೆ ಕ್ಯಾನ್ಸರ್ ಡಾಕ್ಟರನ್ನು, ಮುಂಚೆಯೇ ಕೇಳಿ, ಕೀಮೋದ ವಿವರವಿರುವ ಒಂದು ಚೀಟಿ ಬರೆಸಿ ಪರ್ಸಿನಲ್ಲಿಟ್ಟುಕೊಳ್ಳಿ. ನನ್ನ ಚೀಟಿ ನೋಡಿದ ಕೂಡಲೇ ಡ್ಯೂಟಿ ಡಾಕ್ಟರು, ಉಳಿದದ್ದನ್ನು ಆಮೇಲೆ ಕೇಳೋಣ ಅಂದು ರಕ್ತ ತೆಗೆದುಕೊಂಡು ಡ್ರಿಪ್ ಹಚ್ಚಿದರು.

ಇಷ್ಟು ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ. ಇನ್ನರ್ಧ ಹೋಗುವುದಿಲ್ಲ. ವಾರ್ಡಿನ ಹಗಲನ್ನು ಹೇಗೋ ಕಳೆಯಬಹುದು, ರಾತ್ರಿ ಕಷ್ಟ. ಬೆಳಗಿನ ಜಾವವೇ ರಕ್ತ ತೆಗೆಯಲು ಬಂದು ಲೈಟು ಹಾಕುತ್ತಾರೆ. ಕೈಯಲ್ಲಿ ನರ ಸಿಗುವುದಿಲ್ಲ, ಎರಡೆರಡು ಕಡೆ ಚುಚ್ಚುತ್ತಾರೆ. ಬಾಯಿ ಹುಣ್ಣಿಗೆ ಉಪ್ಪು, ಅಡುಗೆ ಸೋಡಾ ಹಾಕಿದ ನೀರು ಮುಕ್ಕಳಿಸಿ, ಆರಿದ ಗಂಜಿಯನ್ನು ಚಮಚದ ತುದಿಯಲ್ಲಿ ಒಳಗೆ ಬಿಡಬೇಕು. ಇಂಥ ಹೊತ್ತಲ್ಲಿ ಯಾರಾದರೂ ಬಂದು "ಪಾಸಿಟಿವ್ ಆಗಿರ್ಬೇಕು, ನಗ್ತಾ ಇರ್ಬೇಕು" ಅಂದರೆ ನನಗೆ ಸಿಟ್ಟು ಬರುತ್ತಿತ್ತು, ಈಗಲೂ ಬರುತ್ತದೆ. ಅತ್ತಿದ್ದಕ್ಕೆ ಗಡ್ಡೆ ಬೆಳೆಯುವುದಿಲ್ಲ. ರೋಗಿಗೆ ಧೈರ್ಯದ ವೇಷವನ್ನೂ ಹಾಕಿಸಿ ದುಡಿಸಬೇಡಿ. ಪಕ್ಕದ ಬೆಡ್ಡಿನಲ್ಲಿದ್ದ ರಾಯಚೂರಿನ ಹೆಂಗಸು ಹೇಳಿದ್ದು ನನಗೆ ಎಲ್ಲಕ್ಕಿಂತ ಹೆಚ್ಚು ಆಸರೆಯಾಯಿತು: "ಅಳು ಬಂದ್ರ ಅತ್ತುಬಿಡ್ರಿ ಅಕ್ಕಾರ. ನುಂಗಿಕೊಂಡ್ರ ಗಂಜಿ ಇಳಿಯಂಗಿಲ್ಲ."

ಮನೆಯವರು ಮಾಡಬೇಕಾದದ್ದು ಕೆಲಸ ಹಂಚಿಕೊಳ್ಳುವುದು. ಡಾಕ್ಟರ ಹತ್ತಿರ ಮಾತಾಡುವವರು, ಫೈಲು ಹಿಡಿಯುವವರು ಒಬ್ಬರೇ ಇರಲಿ; ನಮ್ಮಲ್ಲಿ ಅದು ನನ್ನ ತಂಗಿ. ದಿನದ ಕೌಂಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. 200 ಇದ್ದದ್ದು 350 ಆಯಿತು ಎಂದರೆ ನಾವಿಬ್ಬರೂ ಅಂದು ಹಬ್ಬ ಮಾಡುತ್ತಿದ್ದೆವು. ಬಾಗಿಲಲ್ಲಿ ನೆಂಟರನ್ನು ತಡೆಯುವ ಕೆಲಸ ನಮ್ಮ ಮನೆಯವರದು. ಸೇಬಿನ ಚೀಲ ಹಿಡಿದು ಬಂದವರಿಗೆ ಕೈಮುಗಿದು, "ನೋಡಿದ ಹಾಗೇ ಆಯ್ತು, ಮಗುವನ್ನ ಸ್ಕೂಲಿಂದ ಕರ್ಕೊಂಡು ಬರೋಕೆ ನಾಳೆ ಯಾರಾದ್ರೂ ಹೋಗ್ತೀರಾ?" ಎಂದು ಕೇಳುತ್ತಿದ್ದರು. ನಿಜವಾದ ಪ್ರೀತಿ ಇದ್ದವರು ಹೋದರು.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ: ಬಿಪಿಎಲ್ ಕಾರ್ಡಿನವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಮೊದಲ ದಿನವೇ ವಿಚಾರಿಸಿ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ರೈಲಿನಲ್ಲಿ ಕ್ಯಾನ್ಸರ್ ರೋಗಿಗಳಿಗೆ ರಿಯಾಯಿತಿಯೂ ಇದೆ, ಅದರ ಫಾರಂ ಆಸ್ಪತ್ರೆಯಲ್ಲೇ ತುಂಬಿಕೊಡುತ್ತಾರೆ.

ಕೀಮೋ ಮುಂದಕ್ಕೆ ಹೋದಾಗ ಎಲ್ಲರಿಗೂ ಒಂದೇ ಹೆದರಿಕೆ, "ಅಷ್ಟರಲ್ಲಿ ಕಾಯಿಲೆ ಬೆಳೆದುಬಿಟ್ಟರೆ?" ಒಳಗೆ ಇಟ್ಟುಕೊಂಡು ಕೊರಗುವ ಬದಲು ಇದನ್ನೇ ಡಾಕ್ಟರಿಗೆ ನೇರವಾಗಿ ಕೇಳಿ. ಎಷ್ಟು ದಿನ ತಡವಾದರೆ ನಡೆಯುತ್ತದೆ, ಕೌಂಟ್ ಏರಿಸಲು ಇಂಜೆಕ್ಷನ್ ಕೊಡುತ್ತೀರಾ, ಡೋಸ್ ಬದಲಿಸುತ್ತೀರಾ ಎಂದು. ನನಗೆ ಒಂದು ಹಂತದಲ್ಲಿ ಬೆರಳ ತುದಿಗಳು ಜೋಮು ಹಿಡಿದು ರವಿಕೆಯ ಹುಕ್ಕು ಹಾಕಲಾಗುತ್ತಿರಲಿಲ್ಲ. ವಿಂಕ್ರಿಸ್ಟಿನ್ ಎಂಬ ಔಷಧಿ ನರಗಳಿಗೆ ಹಾಗೆ ಮಾಡುತ್ತದೆ. ಸಣ್ಣ ವಿಷಯ, ಏನು ಹೇಳುವುದು ಎಂದು ಸುಮ್ಮನಿರದೆ ಹೇಳಿದೆ, ಡೋಸ್ ಇಳಿಸಿದರು. ಇಳಿಸಿದ್ದು ಕೈಬಿಟ್ಟಿದ್ದಲ್ಲ ಎಂದು ಅವರು ವಿವರಿಸಿ ಹೇಳಿದ ಮೇಲೆ ಆ ರಾತ್ರಿ ನಿದ್ದೆ ಬಂತು.

ಕೊನೆಗೆ ಎಲ್ಲರೂ ದನಿ ತಗ್ಗಿಸಿ ಕೇಳುವುದು: "ಮತ್ತೆ ಬಂದರೆ?" ಸ್ಕ್ಯಾನ್ ಹತ್ತಿರ ಬಂದಾಗ ಆ ಭಯ ನನ್ನನ್ನೂ ಹಿಡಿಯುತ್ತದೆ. ಆದರೆ ಮರುಕಳಿಸಿದ ಲಿಂಫೋಮಾಕ್ಕೂ ಬೇರೆ ಕೀಮೋಗಳಿವೆ, ಆಕರಕೋಶ ಕಸಿ (ಹೊಸ ರಕ್ತಕಣಗಳನ್ನು ಹುಟ್ಟಿಸುವ ಮೂಲಕೋಶಗಳನ್ನು ದೇಹಕ್ಕೆ ಸೇರಿಸುವುದು) ಇದೆ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಆಸ್ಪತ್ರೆ ಸೇರಿ ರೂಪಿಸಿದ ಕಾರ್-ಟಿ ಕೋಶ ಚಿಕಿತ್ಸೆಗೆ (ರೋಗಿಯದೇ ಬಿಳಿ ರಕ್ತಕಣಗಳನ್ನು ತೆಗೆದು, ಕ್ಯಾನ್ಸರನ್ನು ಕೊಲ್ಲುವಂತೆ ಮಾರ್ಪಡಿಸಿ ಮತ್ತೆ ದೇಹಕ್ಕೆ ಬಿಡುವುದು) 2023ರಲ್ಲಿ ನಮ್ಮ ದೇಶದಲ್ಲೇ ಅನುಮತಿ ಸಿಕ್ಕಿದೆ. ಅದು ದುಬಾರಿ, ಎಲ್ಲರಿಗೂ ಹೊಂದುವುದಿಲ್ಲ, ನಿಜ. ಆದರೂ ಒಬ್ಬ ಡಾಕ್ಟರು ಇನ್ನೇನೂ ಉಳಿದಿಲ್ಲ ಎಂದ ಮಾತ್ರಕ್ಕೆ ಊರಿಗೆ ಬಸ್ ಹತ್ತಬೇಡಿ. ರಿಪೋರ್ಟುಗಳ ಜೆರಾಕ್ಸ್, ಬಯಾಪ್ಸಿಯ ಬ್ಲಾಕ್ (ಪರೀಕ್ಷೆಗೆ ತೆಗೆದ ಗಡ್ಡೆಯ ಚೂರನ್ನು ಮೇಣದಲ್ಲಿ ಇಟ್ಟಿರುವುದು) ಕೇಳಿ ಪಡೆದು ಇನ್ನೊಬ್ಬ ಆಂಕಾಲಜಿಸ್ಟರಿಗೆ ತೋರಿಸಿ. ಇದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ, ಮೊದಲಿನ ಡಾಕ್ಟರಿಗೆ ಹೇಳಿಯೇ ಹೋಗಬಹುದು.