ಚಳಿಗಾಲದ ಬ್ಯಾಚ್: ಗಿರಿರಾಜ ಕೋಳಿಮರಿಗಳು ಒಳಮನೆಯಿಂದ ಹಿತ್ತಿಲ ಶೆಡ್ಡಿಗೆ

ಸಿಂಧನೂರು ಸೀಮೆಯಲ್ಲಿ ಎಳ್ಳ ಅಮಾವಾಸ್ಯೆಯ ಆಸುಪಾಸು ಮಧ್ಯಾಹ್ನ 30 ಡಿಗ್ರಿ ಬಿಸಿಲಿದ್ದರೆ ನಸುಕಿನ ಐದಕ್ಕೆ 15 ಡಿಗ್ರಿ, ಕೆಲವು ದಿನ ಅದಕ್ಕೂ ಕಡಿಮೆ. ಇಲ್ಲಿ ಮರಿಗಳಿಗೆ ಹೆಚ್ಚು ಪೆಟ್ಟು ಕೊಡುವುದು ಈ ಏರಿಳಿತ. ಹಾಗಾಗಿ ಈ ಬ್ಯಾಚಿನ ಯೋಜನೆಯೆಲ್ಲ ರಾತ್ರಿಯ ಲೆಕ್ಕದ ಮೇಲೆ ನಿಂತಿದೆ: ಹಗಲು ಹೊತ್ತು ಹೊರಗೆ ಬಿಡುವುದು ಬೇಗ (ಐದನೇ ವಾರ), ರಾತ್ರಿ ಹೊರಗೆ ಇಡುವುದು ತಡವಾಗಿ (ಆರನೇ ವಾರ). ಮರಿಗಳು 30. ತಳಿ ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಯಾದ ಗಿರಿರಾಜ.

ಮರಿ ಬರುವ ಹಿಂದಿನ ದಿನ

ಕೋಣೆಯ ನೆಲ ಶಹಾಬಾದ್ ಬಂಡೆ. ಬೇಸಿಗೆಗೆ ಹಿತ, ಚಳಿಗೆ ಕೆಟ್ಟದ್ದು. ಮರಿಯ ಮೈಶಾಖವನ್ನು ಕಾಲಿನಿಂದಲೇ ಎಳೆದುಬಿಡುತ್ತದೆ. ಅದಕ್ಕಾಗಿ ಮೊದಲು ಎರಡು ಪದರ ಗೋಣಿಚೀಲ, ಅದರ ಮೇಲೆ 3 ಇಂಚು ಭತ್ತದ ಹೊಟ್ಟು. ಹೊಸ ಸುಗ್ಗಿಯ ಹೊಟ್ಟಿನಲ್ಲಿ ಹಸಿ ಇರುತ್ತದೆ, ಮಿಲ್ಲಿನಿಂದ ತಂದು ಒಂದು ದಿನ ಬಿಸಿಲಿಗೆ ಹರವಬೇಕು. ಶೇಂಗಾ ಹೊಟ್ಟು ಬೇಡ, ತೇವ ತಗುಲಿದರೆ ಬೂಸ್ಟು ಹಿಡಿಯುತ್ತದೆ. ಸುತ್ತ 18 ಇಂಚು ಎತ್ತರದ ರಟ್ಟಿನ ತಡೆ, 4 ಅಡಿ ಅಗಲದ ವೃತ್ತ. ಮೂಲೆ ಇರಬಾರದು, ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ಸಾಯುತ್ತವೆ.

ತಗಡಿನ ಮುಚ್ಚಳದಡಿ 100 ವ್ಯಾಟಿನ ಎರಡು ಬಲ್ಬು, ಹೊಟ್ಟಿನಿಂದ 18 ಇಂಚು ಮೇಲೆ. ಹಳೆಯ ತಂತಿ ಬಲ್ಬನ್ನೇ ಕೇಳಿ ತರಬೇಕು. ಎಲ್‌ಇಡಿ ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ. ಮುಚ್ಚಳವನ್ನು ವೈರಿನಲ್ಲಿ ನೇತುಹಾಕದೆ ಸರಪಳಿಯಲ್ಲಿ ಬಿಗಿಯಬೇಕು. ಬಲ್ಬು ಹೊಟ್ಟಿನ ಮೇಲೆ ಬಿದ್ದರೆ ಕೋಣೆಗೇ ಬೆಂಕಿ. ಮರಿ ಬರುವ ಆರು ಗಂಟೆ ಮೊದಲೇ ಬಲ್ಬು ಹಚ್ಚಿದರೆ ಹೊಟ್ಟೂ ಬೆಚ್ಚಗಾಗುತ್ತದೆ.

ಮೊದಲ ವಾರ

ಥರ್ಮಾಮೀಟರ್ ಮರಿಯ ಬೆನ್ನಿನ ಮಟ್ಟದಲ್ಲಿ, ಹೊಟ್ಟಿನಿಂದ 2 ಇಂಚು ಮೇಲೆ. ಅಲ್ಲಿ 35 ಡಿಗ್ರಿ ಬೇಕು. ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ಇಳಿಸುವುದು. ಹಗಲು ಒಂದು ಬಲ್ಬು, ಸಂಜೆ ಆರರಿಂದ ಎರಡು. ಇದೇ ಜಾಗದಲ್ಲಿ ಮೇ ತಿಂಗಳಾದರೆ ಹಗಲಿಗೆ ಬಲ್ಬೇ ಬೇಡ. ಅಂಕಿಗಿಂತ ಮರಿಗಳನ್ನೇ ನೋಡುವುದು ಮೇಲು: ಬಲ್ಬಿನಡಿ ಗುಂಪುಗೂಡಿ ಚೀರಿದರೆ ಚಳಿ, ಅಂಚಿಗೆ ಸರಿದು ಬಾಯಿ ತೆರೆದರೆ ಸೆಕೆ, ಎಲ್ಲವೂ ಒಂದೇ ಪಕ್ಕಕ್ಕೆ ಸರಿದರೆ ಎದುರು ಪಕ್ಕದಿಂದ ಗಾಳಿ ನುಗ್ಗುತ್ತಿದೆ.

ಮೊದಲು ನೀರು, ಎರಡು ತಾಸಿನ ಮೇಲೆ ಕಾಳು. ನೀರು ಉಗುರುಬೆಚ್ಚಗಿರಲಿ, ನಸುಕಿನ ಕೊಡದ ನೀರು ಕುಡಿದರೆ ಮರಿ ನಡುಗುತ್ತದೆ. ಮೊದಲ ದಿನ ಮೆಕ್ಕೆಜೋಳದ ಸಣ್ಣ ನುಚ್ಚು, ಆಮೇಲೆ ಚಿಕ್ ಸ್ಟಾರ್ಟರ್ (ಎಳೆ ಮರಿಗಳ ಸಿದ್ಧ ಆಹಾರ), ಈ ವಾರ ಮರಿಗೆ ದಿನಕ್ಕೆ ಸುಮಾರು 10 ಗ್ರಾಂ. ಹೊಟ್ಟಿನ ಮೇಲೆ ನುಣುಪಾದ ಪೇಪರ್ ಹಾಸಿದರೆ ಕಾಲು ಅಗಲಕ್ಕೆ ಜಾರಿ ಸೋತುಹೋಗುತ್ತವೆ, ಹಾಸುವುದಾದರೆ ಒರಟು ರಟ್ಟು ವಾಸಿ. ಗುದಕ್ಕೆ ಹಿಕ್ಕೆ ಅಂಟಿ ಮುಚ್ಚಿದ್ದರೆ ಬಿಸಿನೀರಿನ ಹತ್ತಿಯಿಂದ ಒರೆಸಬೇಕು, ಕಿತ್ತರೆ ಚರ್ಮ ಬರುತ್ತದೆ.

ಏಳನೇ ದಿನಕ್ಕೆ ಕೊಕ್ಕರೆ ರೋಗದ (ರಾಣಿಖೇತ್) ಲಸೋಟ ಲಸಿಕೆ, ಕಣ್ಣಿಗೆ ಒಂದು ಹನಿ. ಸೀಸೆಯನ್ನು ಮಂಜುಗಡ್ಡೆ ಹಾಕಿದ ಫ್ಲಾಸ್ಕಿನಲ್ಲಿ ತಂದು, ಕಲಸಿದ ಎರಡು ಗಂಟೆಯೊಳಗೆ ಮುಗಿಸಬೇಕು. ಒಂದು ಸೀಸೆಯಲ್ಲಿ ಕಡಿಮೆಯೆಂದರೂ ನೂರು ಮರಿಗಾಗುವಷ್ಟು ಇರುತ್ತದೆ, ಜವಾರಿ ಕೋಳಿ ಸಾಕಿದ ಓಣಿಯವರನ್ನೂ ಅದೇ ದಿನ ಕೂಡಿಸಿಕೊಂಡರೆ ಎಲ್ಲರಿಗೂ ಒಳ್ಳೆಯದು.

ಕರೆಂಟ್ ಹೋದರೆ: ಎರಡು ಲೀಟರಿನ ಬಾಟಲಿಗಳಲ್ಲಿ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ತಡೆಯೊಳಗೆ ಇಡುವುದು. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಮಾತ್ರ ಖಂಡಿತ ಬೇಡ, ಹೊಗೆ ಕಾಣದಿದ್ದರೂ ಅದರ ವಿಷಗಾಳಿ ಮರಿಗಳನ್ನೂ ಮನುಷ್ಯರನ್ನೂ ಕೊಲ್ಲುತ್ತದೆ.

ಎರಡರಿಂದ ನಾಲ್ಕನೇ ವಾರ

ತಡೆ ಅಗಲಿಸಿ ಮರಿಗೆ ಒಂದು ಚದರಡಿ ಜಾಗ. 14ನೇ ದಿನ ಮರಿಗಳ ರೋಗನಿರೋಧಕ ಶಕ್ತಿ ಕುಂದಿಸುವ ಗಂಬೋರೊ ರೋಗದ ಲಸಿಕೆ ಕುಡಿಯುವ ನೀರಿನಲ್ಲಿ. ಬಾವಿ ನೀರೇ ಬೇಕು, ಕ್ಲೋರಿನ್ ಹಾಕಿದ ನಲ್ಲಿ ನೀರು ಲಸಿಕೆಯನ್ನು ಕೊಲ್ಲುತ್ತದೆ. ಲೀಟರಿಗೆ 5 ಗ್ರಾಂ ಕೆನೆ ತೆಗೆದ ಹಾಲಿನ ಪುಡಿ. 28ನೇ ದಿನ ಲಸೋಟ ಮತ್ತೊಮ್ಮೆ. ಮೂರನೇ ವಾರದಿಂದ ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗ, ಬೇರು ನೀರಿನ ತಟ್ಟೆಯ ಸುತ್ತಲಿನ ಒದ್ದೆ ಹೊಟ್ಟಿನಲ್ಲಿರುತ್ತದೆ. ತಟ್ಟೆಯನ್ನು ಇಟ್ಟಿಗೆಯ ಮೇಲೆ ಎತ್ತಿಟ್ಟು, ಒದ್ದೆಯಾದದ್ದನ್ನು ದಿನಾ ತೆಗೆದರೆ ಅರ್ಧ ರೋಗ ದೂರ. ನಾಲ್ಕನೇ ವಾರಕ್ಕೆ ಹಗಲಿನ ಬಲ್ಬು ಬಂದ್.

ಐದನೇ ವಾರ: ಹಗಲಿನ ಹಿತ್ತಿಲು

ಬೆಳಿಗ್ಗೆ ಹನ್ನೊಂದರಿಂದ ಎರಡು ತಾಸು, ಮೇಲೆ ಬಲೆ ಹೊದಿಸಿದ ಚೌಕಟ್ಟಿನೊಳಗೆ. ಬಲೆಯಿಲ್ಲದಿದ್ದರೆ ಕಾಗೆ, ಹದ್ದು ಬಿಡುವುದಿಲ್ಲ. ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ವಾರದ ಕೊನೆಗೆ ನಾಲ್ಕು ಗಂಟೆವರೆಗೆ. ಹುಲ್ಲಿನ ಇಬ್ಬನಿ ಆರುವವರೆಗೆ ಕಾಯಲೇಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ಬದಿಯ ಹೊಲಗಳಲ್ಲಿ ಮಂಜು ತಡವಾಗಿ ಕರಗುತ್ತದೆ, ಹೊಟ್ಟೆ ಒದ್ದೆಯಾದ ಮರಿ 20 ಡಿಗ್ರಿಯಲ್ಲೂ ನಡುಗುತ್ತದೆ.

ಆರನೇ ವಾರ: ಶೆಡ್

ವಯಸ್ಸಿನ ಲೆಕ್ಕಕ್ಕಿಂತ ಪುಕ್ಕದ ಲೆಕ್ಕ ಸರಿ. ಕುತ್ತಿಗೆ, ರೆಕ್ಕೆಯಡಿ, ಹೊಟ್ಟೆ ಕೊನೆಗೆ ತುಂಬುತ್ತವೆ. ಅಲ್ಲಿ ಊದಿದಾಗ ಚರ್ಮ ಕಂಡರೆ ಆ ಮರಿ ಇನ್ನೂ ಒಳಗಿರಲಿ. 30ರಲ್ಲಿ ನಾಲ್ಕು ಹಾಗೆ ಉಳಿದಿವೆ.

ಶೆಡ್ 6 ಅಡಿ, 8 ಅಡಿ. ಉದ್ದ ಪೂರ್ವ ಪಶ್ಚಿಮ, ನೆಲ ಹೊರಗಿನ ಮಣ್ಣಿಗಿಂತ ಒಂದು ಅಡಿ ಎತ್ತರ. ಜಾಲರಿ ಅರ್ಧ ಇಂಚಿನ ವೆಲ್ಡ್ ಮೆಶ್, ಬುಡದಲ್ಲಿ ಒಂದು ಅಡಿ ಹೊರಕ್ಕೆ ಬಗ್ಗಿಸಿ ಹೂತದ್ದು. ದೊಡ್ಡ ಕಣ್ಣಿನ ಕೋಳಿ ಜಾಲರಿಯಲ್ಲಿ ಇಲಿ ನುಸುಳುತ್ತದೆ, ಮುಂಗುಸಿ ಅದನ್ನು ಹರಿಯುತ್ತದೆ. ಗೋಣಿ ಪರದೆ ಕೆಳಗಿನಿಂದ ಮೇಲಕ್ಕೆ, ಮೇಲಿನ ಒಂದು ಅಡಿ ಸದಾ ತೆರೆದೇ. ಚಳಿಗೆ ಹೆದರಿ ಪೂರ್ತಿ ಮುಚ್ಚಿದರೆ ಅಮೋನಿಯ ತುಂಬಿ ಕಣ್ಣಲ್ಲಿ ನೀರು, ಮೂಗಿನ ಸದ್ದು, ಕೆಮ್ಮು. ಕುಕ್ಕರುಗಾಲಲ್ಲಿ ಕೂತು ಮರಿಯ ಎತ್ತರದಲ್ಲಿ ಮೂಸಿ ನೋಡಬೇಕು. ನಿಂತವರಿಗೆ ಆ ವಾಸನೆ ಗೊತ್ತಾಗುವುದಿಲ್ಲ.

ಕತ್ತಲಾದ ಮೇಲೆ ಬಿಟ್ಟರೆ ಗಾಬರಿಯಾಗಿ ಮೂಲೆಗೆ ಬೀಳುತ್ತವೆ. ಸಂಜೆ ಐದಕ್ಕೇ ಒಳಗೆ ಬಿಟ್ಟು, ಮೂಲೆಗಳಿಗೆ ರಟ್ಟು ಬಾಗಿಸಿ ಹಚ್ಚಿ, ಮೊದಲ ಮೂರು ರಾತ್ರಿ 60 ವ್ಯಾಟಿನ ಒಂದು ಬಲ್ಬು ಉರಿಸುವುದು. ಲಸಿಕೆಯ ವಾರ ಮತ್ತು ಶೆಡ್ಡಿಗೆ ಸಾಗಿಸುವ ವಾರ ಒಂದೇ ಆಗಬಾರದು. ಹೀಗಾಗಿ ಆರನೇ ವಾರದ ಕೋಳಿ ಸಿಡುಬಿನ ಲಸಿಕೆಯನ್ನು ಏಳಕ್ಕೆ ದಾಟಿಸಿದ್ದೇವೆ. ಕಾಲುವೆ ಕಡೆ ಸೊಳ್ಳೆ ಜಾಸ್ತಿ, ಸಿಡುಬು ಹೆಚ್ಚಾಗಿ ಹರಡುವುದು ಅವುಗಳಿಂದ, ಅದಕ್ಕೇ ಏಳಕ್ಕಿಂತ ಮುಂದೆ ತಳ್ಳುವುದಿಲ್ಲ. ಆರ್‌2ಬಿ (ಕೊಕ್ಕರೆ ರೋಗದ ಮುಂದಿನ ಲಸಿಕೆ) ಒಂಬತ್ತನೇ ವಾರಕ್ಕೆ. ಒಳಗುಳಿದ ನಾಲ್ಕನ್ನು ಪುಕ್ಕ ತುಂಬಿದ ಮೇಲೆ ಒಟ್ಟಿಗೇ ಸೇರಿಸುವುದು. ಒಂದೊಂದಾಗಿ ಬಿಟ್ಟರೆ ಉಳಿದವು ಕುಕ್ಕಿ ರಕ್ತ ತೆಗೆಯುತ್ತವೆ.